ಸ್ಪೀಕರ್ ಪಿಸುಗುಟ್ಟಿದರೆ ಕೋಡಿಗೆ ಬೈಬೇಡಿ

ಪ್ರಾಜೆಕ್ಟ್ ಪ್ರದರ್ಶನದ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಒಂದು ದೃಶ್ಯ ತಪ್ಪೋದೇ ಇಲ್ಲ. ಕೋಡ್ ಓಡ್ತಿದೆ, ಸೆನ್ಸರ್ ಸರಿ ಇದೆ. ಆದರೆ ಮಾತಾಡಬೇಕಾದ ಸ್ಪೀಕರ್ ಸೊಳ್ಳೆ ಥರ ಗುಂಯ್‌ಗುಡುತ್ತಿದೆ. ಹೋದ ವರ್ಷ ನಮ್ಮ ತಂಡದ್ದೂ ಇದೇ ಕಥೆ. ಕಣ್ಣು ಕಾಣದವರಿಗೆ "ಮುಂದೆ ಮೆಟ್ಟಿಲಿದೆ" ಅಂತ ಕನ್ನಡದಲ್ಲಿ ಹೇಳುವ ಕೋಲು ಮಾಡಿದ್ದೆವು. ಹಾಲ್‌ನ ಗದ್ದಲದಲ್ಲಿ ಅದು ಹೇಳಿದ್ದು ಯಾರಿಗೂ ಕೇಳಲಿಲ್ಲ. ಸ್ಪೀಕರನ್ನು ನೇರವಾಗಿ ಆರ್ಡುಯಿನೋ ಪಿನ್ನಿಗೆ ಸಿಕ್ಕಿಸಿದ್ದೆವು!

ತಪ್ಪು ಎಲ್ಲಿತ್ತು ಅಂತ ಓಮ್‌ನ ನಿಯಮವೇ ಹೇಳುತ್ತೆ. 5 ವೋಲ್ಟ್, 8 ಓಮ್ ಸ್ಪೀಕರ್ ಅಂದರೆ 625 ಮಿಲಿಆಂಪ್. ಊನೋದ ಎಟಿಮೆಗಾ328ಪಿ ಚಿಪ್‌ನ ಒಂದು ಪಿನ್ ತಾಳುವ ಕಟ್ಟಕಡೆಯ ಮಿತಿ 40 ಮಿಲಿಆಂಪ್. ಅಂದರೆ ನಾವು ಕೇಳಿದ್ದು ಅದರ ಹದಿನೈದು ಪಟ್ಟಿಗಿಂತ ಹೆಚ್ಚು. ಪಿನ್ ಸುಡದೇ ಉಳಿದದ್ದು ನಮ್ಮ ಪುಣ್ಯ.

ಆಮೇಲೆ ಎಲ್‌ಎಂ386 ತಂದೆವು. "ಇನ್ನೂ ಜೋರಾಗಲಿ" ಅಂತ 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಗೇನ್ ಅನ್ನು 20ರಿಂದ 200ಕ್ಕೆ ಏರಿಸಿದೆವು. ಬಂದದ್ದು ಬರೀ ಗರಗರ. ನಮ್ಮಲ್ಲಿ ಬಹಳ ಜನ ಎಡವೋದು ಇಲ್ಲೇ. ಪಿನ್ನಿನಲ್ಲಿ ವೋಲ್ಟೇಜ್ ಬೇಕಾದಷ್ಟಿದೆ, ಕೊರತೆ ಇರೋದು ಕರೆಂಟಿಗೆ. 5 ವೋಲ್ಟ್ ಸಪ್ಲೈ, ಗೇನ್ 20 ಇದ್ದಾಗ ಎಲ್‌ಎಂ386ಗೆ ಸುಮಾರು 0.1 ವೋಲ್ಟ್ ಸಿಗ್ನಲ್ ಸಾಕು. ಹಾಗಾಗಿ ಜೋರು ಮಾಡೋಕೆ ಮೊದಲು ತಗ್ಗಿಸಬೇಕು! ಪಿಡಬ್ಲ್ಯೂಎಂ ವೇಗವನ್ನು ಟೈಮರ್ ಮೂಲಕ 62.5 ಕಿಲೋಹರ್ಟ್ಸ್‌ಗೆ ಏರಿಸಿ, 1 ಕಿಲೋಓಮ್ ಮತ್ತು 10 ನ್ಯಾನೋಫ್ಯಾರಡ್‌ನ ಫಿಲ್ಟರ್ ಹಾಕಿ, ಡಿಸಿ ತಡೆಯೋಕೆ ಒಂದು ಕೆಪಾಸಿಟರ್, ಆಮೇಲೆ 10 ಕಿಲೋಓಮ್ ಪಾಟ್. ಇಷ್ಟು ದಾಟಿದ ಮೇಲೆ ಆಂಪ್ಲಿಫೈಯರ್.

"ಪಿಎಎಂ8403 ಮಾಡ್ಯೂಲ್ ಸಿಗುತ್ತಲ್ಲ, ಇಷ್ಟೆಲ್ಲಾ ತಲೆನೋವು ಯಾಕೆ ಗುರೂ?" ಅಂತೀರಾ. ಖಂಡಿತ ತಗೊಳ್ಳಿ, ನಮ್ಮ ತಕರಾರಿಲ್ಲ. ಆದರೆ ಅದು ಸ್ಪೀಕರಿನ ಎರಡೂ ತುದಿಗಳನ್ನು ಡ್ರೈವ್ ಮಾಡುತ್ತೆ. ಅಭ್ಯಾಸಬಲದಿಂದ ಮೈನಸ್ ತಂತಿಯನ್ನು ಗ್ರೌಂಡಿಗೆ ಕೊಟ್ಟರೆ ಮಾಡ್ಯೂಲ್ ಕೆಡಬಹುದು. ರೆಡಿಮೇಡ್ ತಂದರೂ ಡೇಟಾಶೀಟ್ ಓದೋದು ತಪ್ಪಲ್ಲ.

ಇನ್ನೊಂದು ಮಾತು. ಬರೀ ಸ್ಪೀಕರನ್ನು ಮೇಜಿನ ಮೇಲಿಟ್ಟರೆ ಮುಂದಿನ ಅಲೆಯನ್ನು ಹಿಂದಿನ ಅಲೆ ಬಹುಪಾಲು ಅಳಿಸಿಹಾಕುತ್ತೆ. ರಟ್ಟಿನ ಡಬ್ಬಿಗೆ ತೂತು ಕೊರೆದು ಅಂಟಿಸಿ ನೋಡಿ, ಒಂದು ಮಿಲಿಆಂಪ್ ಹೆಚ್ಚು ಖರ್ಚಿಲ್ಲದೆ ದನಿ ತುಂಬಿಕೊಳ್ಳುತ್ತೆ.

ಕೋಡಿಗೆ ಮೂರು ತಿಂಗಳು, ದನಿಗೆ ಒಂದು ರಾತ್ರಿ ಅನ್ನೋ ನಮ್ಮ ಲೆಕ್ಕವೇ ತಪ್ಪು. ಕೋಲು ಹಿಡಿದು ರಸ್ತೆ ದಾಟುವವರಿಗೆ ನಮ್ಮ ಕೋಡ್ ಕಾಣೋದಿಲ್ಲ, ದನಿ ಮಾತ್ರ ಕೇಳಬೇಕು. ಈ ಸಲ ಮಾತಾಡುವ ಪ್ರಾಜೆಕ್ಟ್ ಹಿಡಿದವರು ಮೊದಲ ರಿವ್ಯೂಗೇ ಸ್ಪೀಕರ್ ತನ್ನಿ. ಲ್ಯಾಬಿನಲ್ಲಲ್ಲ, ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಹಚ್ಚಿ ನೋಡಿ. ಅಲ್ಲಿ ಕೇಳಿಸಿದರೆ ಪಾಸು.