ನಮ್ಮೂರ ಕೆರೆಯ ಹಕ್ಕಿ ಲೆಕ್ಕ ನಾವೂ ಬರೆಯೋಣ

ಚಳಿಗಾಲ ಶುರುವಾದರೆ ಸಾಕು, ನಂಜನಗೂಡು, ತಿ. ನರಸೀಪುರ ಕಡೆಯ ಕೆರೆ ಏರಿಗಳ ಮೇಲೆ ಕಾರುಗಳು ಬಂದು ನಿಲ್ಲುತ್ತವೆ. ಇಳಿಯುವವರ ಕೊರಳಲ್ಲಿ ಬೈನಾಕ್ಯುಲರ್, ಹೆಗಲ ಮೇಲೆ ಉದ್ದನೆಯ ಕ್ಯಾಮೆರಾ. ಮೈಸೂರಿನವರು, ಬೆಂಗಳೂರಿನವರು, ಕೆಲವೊಮ್ಮೆ ಕೆಲಸಕ್ಕೆಂದು ಇಲ್ಲಿಗೆ ಬಂದು ನೆಲೆಸಿರುವ ವಿದೇಶಿಯರು. ಒಂದೆರಡು ಗಂಟೆ ನೋಡುತ್ತಾರೆ, ಫೋನಿನಲ್ಲಿ ಏನೋ ಒತ್ತುತ್ತಾರೆ, ಹೊರಟುಬಿಡುತ್ತಾರೆ.

ಅವರು ಒತ್ತುವುದೇನು ಅಂತ ನಾವು ಕೇಳುವುದು ಕಡಿಮೆ. ಹೆಚ್ಚಿನವರು ಬಳಸುವುದು ಇ-ಬರ್ಡ್ ಎಂಬ ಆ್ಯಪ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಸಂಶೋಧನಾ ಕೇಂದ್ರ ಮತ್ತು ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಇದನ್ನು ಶುರು ಮಾಡಿದವು. ಯಾವ ಜಾಗ, ಯಾವ ದಿನ, ಎಷ್ಟು ಹೊತ್ತು ನೋಡಿದಿರಿ, ಯಾವ ಹಕ್ಕಿ ಎಷ್ಟು ಕಂಡವು, ಇಷ್ಟನ್ನು ತುಂಬಿದರೆ ಒಂದು ಪಟ್ಟಿ ಆಯಿತು. ಅಪರೂಪದ್ದೇನಾದರೂ ಬರೆದಿದ್ದರೆ ಆ ಭಾಗದ ಪಕ್ಷಿಗಳನ್ನು ಬಲ್ಲ ಸ್ವಯಂಸೇವಕರು ಪರಿಶೀಲಿಸುತ್ತಾರೆ, ಅನುಮಾನ ಬಂದರೆ ವಿವರ ಕೇಳುತ್ತಾರೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಇಂಗ್ಲೆಂಡಿನಲ್ಲಿ ಹಕ್ಕಿ ನೋಡುತ್ತಿದ್ದವರು ಮೈಸೂರಿಗೆ ಬಂದರೆ ಅದೇ ಖಾತೆಯಲ್ಲಿ ಇಲ್ಲಿನ ಕೆರೆಯ ಪಟ್ಟಿ ಬರೆಯಬಹುದು. ದುಬೈಗೆ ಹೋದ ನಮ್ಮ ಹುಡುಗ ರಾಸ್ ಅಲ್ ಖೋರ್‌ನ ರಾಜಹಂಸಗಳನ್ನು ಅಲ್ಲಿಂದಲೇ ಬರೆಯಬಹುದು. ಊರು, ಭಾಷೆ ಹೊಸದಾದರೂ ಹಕ್ಕಿ ನೋಡುವವರ ಬಳಗ ಕೂಡಲೇ ಸಿಗುತ್ತದೆ. ಪರದೇಶಿಯನ್ನು ಇಷ್ಟು ಬೇಗ ಒಳಗೆ ಕರೆದುಕೊಳ್ಳುವ ಬಳಗಗಳು ಕಡಿಮೆಯೇ. ಅವರು ಬರಲಿ, ನೋಡಲಿ, ಬರೆಯಲಿ. ನಮ್ಮ ತಕರಾರು ಅವರ ಮೇಲಲ್ಲ. ಆ ಬಳಗದಲ್ಲಿ ಕೆರೆ ಪಕ್ಕದಲ್ಲೇ ಇರುವ ನಾವು ಯಾಕಿಲ್ಲ ಎಂಬುದು ನಮ್ಮ ಪ್ರಶ್ನೆ.

ಇದು ಇವತ್ತಿನ ಕತೆಯಲ್ಲ. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯಲ್ಲಿ ಆರ್. ಸಿ. ಮಾರಿಸ್ ಎಂಬ ಬ್ರಿಟಿಷ್ ಕಾಫಿ ತೋಟದ ಮಾಲೀಕರಿದ್ದರು. ಕಾಡಿನಲ್ಲಿ ಕಂಡ ಪ್ರಾಣಿ, ಪಕ್ಷಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಟಿಪ್ಪಣಿ ಕಳಿಸುತ್ತಿದ್ದರು. 1883ರಲ್ಲಿ ಹುಟ್ಟಿದ ಆ ಸೊಸೈಟಿಯ ಪತ್ರಿಕೆಯೇ ಆಗಿನ ಕಾಲದ ಹಕ್ಕಿ ಬಳಗ. ಅಂಚೆಯಲ್ಲಿ ಹೋದ ಅವರ ಟಿಪ್ಪಣಿಗಳು ಇವತ್ತಿಗೂ ದಾಖಲೆ. ಅದೇ ಬೆಟ್ಟದಲ್ಲಿ ತಲೆತಲಾಂತರದಿಂದ ಇರುವ ಸೋಲಿಗರಿಗೆ ಪ್ರತಿ ಹಕ್ಕಿಯ ಕೂಗು, ಗೂಡು, ಹೆಸರು ಗೊತ್ತು. ಆದರೆ ಆ ತಿಳಿವಳಿಕೆ ಇದ್ದದ್ದು ಬಾಯಿಮಾತಿನಲ್ಲಿ. ಸೋಲಿಗರ ಹಕ್ಕಿ ಜ್ಞಾನದ ಬಗ್ಗೆಯೇ ಸಮೀರಾ ಅಗ್ನಿಹೋತ್ರಿ ಮತ್ತು ಆಂಗ್ ಸಿ ಪ್ರಬಂಧ ಪ್ರಕಟಿಸಿದ್ದು 2012ರಲ್ಲಿ. ಬಲ್ಲವರಿಗೂ ಬರೆದವರಿಗೂ ನಡುವೆ ಅಷ್ಟು ವರ್ಷಗಳ ಅಂತರ.

ಬರೆಯದಿದ್ದರೆ ಏನು ನಷ್ಟ ಅಂತ ಕೇಳಬಹುದು. ಕಾವೇರಿ ನಡುವಿನ ರಂಗನತಿಟ್ಟು ಪಕ್ಷಿಧಾಮವಾಗಿದ್ದು 1940ರಲ್ಲಿ. ಸಲೀಂ ಅಲಿಯವರು ಆ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಮೈಸೂರು ಅರಸರಿಗೆ ಹೇಳಿದ್ದರಿಂದ. 2022ರಲ್ಲಿ ಅದು ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣ. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಆ ಪಟ್ಟಿ ಸೇರಿತು. ಮಾಗಡಿ ಕೆರೆಗೆ ಹೆಸರು ತಂದಿದ್ದು ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು. ಈ ಮನ್ನಣೆಗೆ ಇರುವ ಅಳತೆಗಳಲ್ಲಿ ಎರಡು ಹೀಗಿವೆ: ವಾಡಿಕೆಯಾಗಿ 20,000 ನೀರುಹಕ್ಕಿಗಳು ಸೇರಬೇಕು, ಇಲ್ಲವೇ ಒಂದು ಜಾತಿಯ ಒಟ್ಟು ಹಕ್ಕಿಗಳಲ್ಲಿ ಶೇ. 1ರಷ್ಟಾದರೂ ಅಲ್ಲಿರಬೇಕು. ಎಣಿಸಿದವರಿಲ್ಲದಿದ್ದರೆ ಇದನ್ನು ಹೇಳುವವರು ಯಾರು?

ಅದೇ ಹೆಬ್ಬಾತು ನಮ್ಮ ಹದಿನಾರು ಕೆರೆಗೂ ಬರುತ್ತದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಬಾತುಗಳು ಹಿಮಾಲಯ ದಾಟಿ ಮೈಸೂರು ಸೀಮೆಯ ಕೆರೆಗಳಲ್ಲಿ ಇಳಿದಿವೆ. ಏರಿ ಮೇಲೆ ನಿಂತು ಪಟ್ಟಿಯ ಮೇಲಿನ ಅಕ್ಷರ ಓದಿ ಬರೆದುಕೊಂಡವರು ಇದ್ದದ್ದರಿಂದ ಅದು ಮಂಗೋಲಿಯಾದವರೆಗೂ ತಿಳಿಯಿತು.

ಕಳಲೆಯನ್ನೇ ನೋಡಿ. ದಳವಾಯಿಗಳ ಊರು ಅಂತ ಇತಿಹಾಸದ ಪುಸ್ತಕದಲ್ಲಿ ಅದರ ಹೆಸರಿದೆ, ಯಾರೋ ಬರೆದಿಟ್ಟಿದ್ದರಿಂದ. ಕೆರೆಯ ವಿಷಯವೂ ಅಷ್ಟೇ. ಒಂದು ಕೆರೆಯ ಮೀನು ಟೆಂಡರು, ಹೂಳು, ಒತ್ತುವರಿಯ ಮಾತು ಬಂದಾಗ ಕಚೇರಿಯಲ್ಲಿ ತೆರೆಯುವುದು ಕಡತ. "ನಮ್ಮ ಚಿಕ್ಕಂದಿನಲ್ಲಿ ಸಾವಿರಾರು ಹಕ್ಕಿ ಬರ್ತಿದ್ವು ಸ್ವಾಮಿ" ಎಂಬ ಹಿರಿಯರ ಮಾತು ನಿಜವಿದ್ದರೂ ಕಡತಕ್ಕೆ ಸೇರುವುದಿಲ್ಲ. ಹತ್ತು ವರ್ಷದ ಪಟ್ಟಿ ಇದ್ದರೆ ಆ ಮಾತಿಗೆ ಬಲ ಬರುತ್ತದೆ.

ದೇಶದ ಮಟ್ಟದಲ್ಲಿ ಇದು ಆಗಲೇ ನಡೆದಿದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 30,000ಕ್ಕೂ ಹೆಚ್ಚು ಹವ್ಯಾಸಿಗಳು ಬರೆದ 3 ಕೋಟಿಗೂ ಮೀರಿದ ದಾಖಲೆಗಳ ಮೇಲೆ ನಿಂತಿದೆ. ದೀರ್ಘಕಾಲದ ಏರಿಳಿತ ಲೆಕ್ಕ ಹಾಕಲು ಸಾಧ್ಯವಾದ 338 ಜಾತಿಗಳಲ್ಲಿ ಶೇ. 60ರಷ್ಟು ಇಳಿಮುಖವಾಗಿವೆ. ನವಿಲು ಮಾತ್ರ ಬಹಳ ಹೆಚ್ಚಿದೆ ಎಂದೂ ಅದೇ ವರದಿ ಹೇಳುತ್ತದೆ. ಬಿತ್ತಿದ ಕಾಳು ನವಿಲಿನ ಪಾಲಾಗುವುದನ್ನು ಕಂಡ ರೈತರಿಗೆ ಇದೇನೂ ಹೊಸ ಸುದ್ದಿಯಲ್ಲ. ಆದರೆ ಹೊಲದಲ್ಲಿ ಗೊತ್ತಿದ್ದ ಸಂಗತಿ ವರದಿಯಲ್ಲಿ ಕಂಡಾಗ ಅದಕ್ಕೆ ಬೇರೆಯದೇ ತೂಕ.

ಇಲ್ಲಿ ಒಂದು ಹೆದರಿಕೆ ಇದೆ, ಊರಿನಲ್ಲಿ ಈ ಮಾತು ಎತ್ತಿದರೆ ಮೊದಲು ಕೇಳುವುದೂ ಅದನ್ನೇ. "ಹಕ್ಕಿ ಐತೆ ಅಂತ ಬರೆದ್ರೆ ನಾಳೆ ಅರಣ್ಯ ಇಲಾಖೆಯೋರು ಬಂದು ಕೆರೆಗೆ ಇಳೀಬೇಡಿ ಅಂದ್ರೆ?" ಇದು ಸುಳ್ಳು ಭಯವಲ್ಲ. ದನಕ್ಕೆ ನೀರು, ಗದ್ದೆಗೆ ನೀರು, ಮೀನು, ಎಲ್ಲವೂ ಕೆರೆಯಿಂದಲೇ. ಆದರೆ ನಾವು ಬರೆಯದಿದ್ದರೂ ಬೇರೆಯವರು ಬರೆಯುತ್ತಲೇ ಇದ್ದಾರೆ. ಹಕ್ಕಿ ಜೊತೆ ಊರು ಹೇಗೆ ಬಾಳುತ್ತದೆ ಎಂಬುದು ಅವರ ಪಟ್ಟಿಯಲ್ಲಿ ಇರುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಮುಂದಿನ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಊರಿಗೆ ಊರೇ ಎದ್ದುಹೋಗಲಿಲ್ಲ. ಮಾತುಕತೆಯಲ್ಲಿ ಊರಿನವರು ಇದ್ದರೆ ತೀರ್ಮಾನವೂ ಬೇರೆ ಆಗುತ್ತದೆ. ಬರೆಯುವವರಲ್ಲಿ ನಾವೂ ಇರಬೇಕು ಅನ್ನುವುದು ಇದಕ್ಕೇ.

ಮಾಡಬೇಕಾದ್ದು ದೊಡ್ಡದೇನಲ್ಲ. ಕ್ಯಾಮೆರಾ ಬೇಡ, ಬೈನಾಕ್ಯುಲರ್ ಇಲ್ಲದಿದ್ದರೂ ನಡೆಯುತ್ತದೆ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ 15 ನಿಮಿಷ ನಿಂತು, ಗುರುತು ಸಿಕ್ಕ ಎಲ್ಲ ಹಕ್ಕಿಯನ್ನೂ ಬರೆಯಿರಿ. ಕಾಗೆ, ಗೊರವಂಕ, ಬೆಳ್ಳಕ್ಕಿ, ನೀರುಕಾಗೆ, ಹಣೆಯ ಮೇಲೆ ಬಿಳಿ ನಾಮದ ನಾಮದಕೋಳಿ, ಯಾವುದನ್ನೂ ಬಿಡಬೇಡಿ. ಕಂಡದ್ದನ್ನೆಲ್ಲ ಬರೆದರೆ ಮಾತ್ರ ಕಾಣದ್ದು ಯಾವುದು ಅಂತ ಗೊತ್ತಾಗುತ್ತದೆ. ಹತ್ತು ಪಟ್ಟಿಯಲ್ಲಿ ಎಂಟರಲ್ಲಿದ್ದ ಗುಬ್ಬಚ್ಚಿ ಮುಂದೆ ಮೂರರಲ್ಲಿ ಉಳಿದರೆ ಅದೇ ಸುದ್ದಿ. ಹೆಸರು ತಿಳಿಯದಿದ್ದರೆ ಮರ್ಲಿನ್ ಎಂಬ ಉಚಿತ ಆ್ಯಪ್ ಚಿತ್ರ, ಕೂಗು ಕೇಳಿ ಸುಳಿವು ಕೊಡುತ್ತದೆ. ಅದೂ ತಪ್ಪಬಹುದು, ಕಣ್ಣಾರೆ ನೋಡಿ ಖಚಿತವಾದ ಮೇಲೆಯೇ ಬರೆಯಿರಿ. ನಮ್ಮೂರ ಹೆಸರನ್ನು ಪಕ್ಕದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅಜ್ಜಿಯಿಂದ ಕೇಳಿ ಬರೆದಿಡಿ.

ಎರಡು ಎಚ್ಚರಿಕೆ. ಗೂಡಿನ ಜಾಗ, ಗೂಡಿನ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಬೇಟೆಯವರೂ ಅದನ್ನು ನೋಡುತ್ತಾರೆ. ಹಕ್ಕಿಯನ್ನು ಹತ್ತಿರ ಕರೆಯಲು ಫೋನಿನಲ್ಲಿ ಕೂಗು ಹಾಕಬೇಡಿ, ಮರಿ ಮಾಡುವ ಕಾಲದಲ್ಲಿ ಅದು ತೊಂದರೆ.

ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ, ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ನಿಮ್ಮೂರ ಶಾಲೆಯ ಮೇಷ್ಟ್ರಿಗೆ, ಮೇಡಂಗೆ ಈ ವಿಷಯ ಮುಟ್ಟಿಸಿ. ಏರಿ ಮೇಲೆ ಹೊರಗಿನವರು ಸಿಕ್ಕರೆ ಸುಮ್ಮನೆ ನೋಡಿ ಹೋಗಬೇಡಿ, ಏನು ಕಂಡಿತು ಅಂತ ಕೇಳಿ, ನಿಮಗೆ ಗೊತ್ತಿರುವುದನ್ನು ಹೇಳಿ. ಅವರು ವರ್ಷಕ್ಕೆ ಒಂದೆರಡು ದಿನ ಬರುವವರು. ಉಳಿದ ದಿನಗಳ ಲೆಕ್ಕ ಕೊಡಬಲ್ಲವರು ನಾವು ಮಾತ್ರ.