ಫ್ಯಾಟ್ ಏರಿತೆಂದು ಹಿಗ್ಗುವ ಮೊದಲು

ಕರು ಹಾಕಿ ಎರಡನೇ ವಾರ. ಗಿಣ್ಣು ಹಾಲಿನ ದಿನಗಳು ಮುಗಿದು ಹಾಲು ಡೇರಿಗೆ ಹೋಗುತ್ತಿದೆ. ಚೀಟಿಯಲ್ಲಿ ಫ್ಯಾಟ್ ಐದನ್ನು ದಾಟಿದೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಇಳಿದಿದೆ. ಫ್ಯಾಟಿಗೆ ದುಡ್ಡು ಸಿಗುವುದರಿಂದ ಮನೆಯವರಿಗೆ ಖುಷಿ. ಆದರೆ ಆ ಕೊಬ್ಬಿನಲ್ಲಿ ದೊಡ್ಡ ಪಾಲು ತಿಂದ ಹುಲ್ಲಿನದಲ್ಲ, ಹಸುವಿನ ಮೈಯಿಂದಲೇ ಕರಗಿ ಕೆಚ್ಚಲಿಗೆ ಇಳಿದದ್ದು. ಹಾಸನ ಜಿಲ್ಲೆಯ ಬಿಸಿಲೆ, ವನಗೂರು, ಹೆತ್ತೂರು, ಯಸಳೂರು ಕಡೆಯ ಕೊಟ್ಟಿಗೆಗಳಿಗೆ ಮಳೆ ಹಿಡಿಯುವ ಮೊದಲೇ ಈ ಮಾತು ತಲುಪಬೇಕು.

ಈದ ಹಸುವಿನ ಹಾಲು ನಾಲ್ಕರಿಂದ ಆರನೇ ವಾರಕ್ಕೆ ತುದಿ ಮುಟ್ಟುತ್ತದೆ. ಮೇವಿನ ಹಸಿವು ಪೂರ್ತಿ ಮರಳಲು ಎಂಟು ಹತ್ತು ವಾರ ಬೇಕು. ನಡುವಿನ ಕೊರತೆಯನ್ನು ಹಸು ತನ್ನ ಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಅದು ಮಿತಿ ಮೀರಿದಾಗ ಯಕೃತ್ತಿಗೆ ನಿಭಾಯಿಸಲಾಗದೆ ರಕ್ತದಲ್ಲಿ ಕೀಟೋನ್ ತುಂಬುತ್ತದೆ. ಇದೇ ಕೀಟೋಸಿಸ್. ಹಿಂಡಿ ಬೂಸಾ ಇಟ್ಟರೆ ಮೂತಿ ತಿರುಗಿಸುವ ಹಸು ಪಕ್ಕದ ಒಣಹುಲ್ಲನ್ನು ಮಾತ್ರ ಎಳೆದು ತಿನ್ನುತ್ತದೆ. ಸಗಣಿ ಗಟ್ಟಿಯಾಗುತ್ತದೆ. ಮೂಗಿನ ಹತ್ತಿರ ಬಗ್ಗಿದರೆ ಕೆಲವರಿಗೆ ಕಳಿತ ಹಣ್ಣಿನಂಥ ಸಿಹಿ ವಾಸನೆ ಸಿಗುತ್ತದೆ.

ನಮ್ಮ ಘಟ್ಟದಂಚಿನಲ್ಲಿ ಈ ಕಷ್ಟ ಇಮ್ಮಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಯ್ದು ತರುವ ಎಳೆ ಹಸಿರು ಹುಲ್ಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ನೀರು. ಹೊಟ್ಟೆ ಉಬ್ಬಿ ಕಾಣುತ್ತದೆ, ಒಳಗೆ ಮೇವು ಕಡಿಮೆ. ನೆನೆದ ಬಣವೆಯ ಹುಲ್ಲು ಬೂಷ್ಟು ಹಿಡಿದಿರುತ್ತದೆ. ಭತ್ತದ ಹುಲ್ಲು, ನೇಪಿಯರ್ ಎರಡರಲ್ಲೂ ಇರುವ ಆಕ್ಸಲೇಟ್ ಕ್ಯಾಲ್ಸಿಯಂ ದಕ್ಕದಂತೆ ಹಿಡಿದಿಟ್ಟುಕೊಳ್ಳುತ್ತದೆ. ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಮೂರು ನಾಲ್ಕು ಗ್ರಾಂ ಕ್ಯಾಲ್ಸಿಯಂ. ಹತ್ತು ಲೀಟರ್ ಗಿಣ್ಣು ಹಾಲು ಎಳೆದುಕೊಳ್ಳುವುದು ಸುಮಾರು ಇಪ್ಪತ್ತು ಗ್ರಾಂ! ಈದ ಎರಡು ಮೂರು ದಿನದೊಳಗೆ ಹಾಲು ಜ್ವರದಲ್ಲಿ ಕುಸಿದು, ಕುತ್ತಿಗೆ ಪಕ್ಕೆಗೆ ತಿರುಗಿಸಿ ಮಲಗುವ ಹಸುಗಳ ಸಂಕಟದ ಬೇರು ಇಲ್ಲಿದೆ. ದಿನಕ್ಕೆ ಒಂದೆರಡು ಲೀಟರ್ ಕೊಡುತ್ತಿದ್ದ ಮಲೆನಾಡು ಗಿಡ್ಡಕ್ಕೆ ಇಂಥ ಲೆಕ್ಕ ಬೇಕಿರಲಿಲ್ಲ. ಎಚ್‌ಎಫ್, ಜರ್ಸಿ ಮಿಶ್ರತಳಿ ಕಟ್ಟಿದ ಮೇಲೆ ಬೇಕೇ ಬೇಕು.

ಹಸುವಿನ ಹಿಂದೆ ನಿಂತು ಬಾಲದ ಬುಡ, ಸೊಂಟದ ಮೂಳೆ, ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಮೈಕಟ್ಟನ್ನು ಒಂದರಿಂದ ಐದರವರೆಗೆ ಅಳೆಯುವ ಪದ್ಧತಿಯಲ್ಲಿ, ಈಯುವಾಗ ಮೂರರಿಂದ ಮೂರೂವರೆ ಇರಬೇಕು. ಆಮೇಲೆ ಅರ್ಧ ಅಂಕಕ್ಕಿಂತ ಹೆಚ್ಚು ಇಳಿಯಬಾರದು. ಗಬ್ಬದ ಹಸು ಬೆಣ್ಣೆಯುಂಡೆಯಂತಿದೆ ಎಂದು ಹೆಮ್ಮೆ ಪಡುವುದೂ ತಪ್ಪು. ಅತಿ ಕೊಬ್ಬಿದ ಹಸುವೇ ಈದ ಮೇಲೆ ಮೇವು ಬಿಟ್ಟು ಬೇಗ ಸೊರಗುತ್ತದೆ. ಸೊರಗಿದ ಹಸು ಸಮಯಕ್ಕೆ ಬೆದೆಗೆ ಬರುವುದಿಲ್ಲ, ಬಂದರೂ ಸೂಜಿ ನಿಲ್ಲುವುದಿಲ್ಲ. ಕೊನೆಗೆ ಸಿಕ್ಕ ಬೆಲೆಗೆ ಮಾರಾಟ. ಒಂದೇ ಹಸು ಇರುವ ಮನೆಗೆ ಅದು ವರ್ಷದ ಸಂಪಾದನೆ.

ಹಾಲಿನ ಸಂಘಗಳಿಗೆ ನಮ್ಮ ಒತ್ತಾಯ ಇಷ್ಟು: ಮುನ್ಸೂಚನೆ ಕೊಡುವ ಹಾಲು ಪರೀಕ್ಷೆಯ ಯಂತ್ರ ನಿಮ್ಮ ಮೇಜಿನ ಮೇಲೇ ಇದೆ. ಹೊಸದಾಗಿ ಈದ ಹಸುವಿರುವ ಮನೆಗಳನ್ನು ಪುಸ್ತಕದಲ್ಲಿ ಗುರುತು ಮಾಡಿ. ಸತತ ಎರಡು ಮೂರು ಹೊತ್ತು ಫ್ಯಾಟ್ ಏರಿ ಎಸ್‌ಎನ್‌ಎಫ್ ಇಳಿದರೆ ಮನೆಯವರಿಗೆ ಅಲ್ಲೇ ಹೇಳಿ, ಪಶುವೈದ್ಯರಿಗೆ ಅಥವಾ 1962ಕ್ಕೆ ಫೋನ್ ಮಾಡಿಸಿ. ತೊಂದರೆ ಯಾವ ಹಸುವಿನದೆಂದು ತಿಳಿಯಲು, ಎರಡು ಹಸುವಿದ್ದವರು ಒಂದು ಹೊತ್ತು ಬೇರೆ ಬೇರೆ ಕ್ಯಾನಿನಲ್ಲಿ ಹಾಲು ತರಲಿ. ಸಕ್ಕರೆ ಕಾಯಿಲೆಯವರ ಮೀಟರಿನಂಥ ಪುಟ್ಟ ಯಂತ್ರದಲ್ಲಿ ಒಂದು ಹನಿ ರಕ್ತ ಸಾಕು, ಕೀಟೋನ್ ಲೀಟರಿಗೆ 1.2 ಮಿಲಿಮೋಲ್ ಮುಟ್ಟಿದರೆ ಚಿಕಿತ್ಸೆಯ ಹೊತ್ತು ಬಂದಿದೆ ಎಂದೇ ಅರ್ಥ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇರುವಾಗ, ಮಳೆಗಾಲದಲ್ಲಿ ಹೋಬಳಿಗೊಂದು ಇಂಥ ಮೀಟರು ಸಿಗುವಂತೆ ಮಾಡುವುದು ದೊಡ್ಡ ಮಾತಲ್ಲ.

ಗಬ್ಬದ ಹಸು ಕಟ್ಟಿಕೊಂಡವರು ಈಯಲು ಎರಡು ತಿಂಗಳಿರುವಾಗಲೇ ಹಾಲು ಬತ್ತಿಸಿ. ಖನಿಜ ಮಿಶ್ರಣ ಎಷ್ಟು, ಯಾವಾಗ ಎಂದು ವೈದ್ಯರನ್ನು ಈಗಲೇ ಕೇಳಿ. ಒಣಹುಲ್ಲನ್ನು ಈ ಬಿಸಿಲಿನಲ್ಲೇ ಸೂರಿನಡಿ ಸೇರಿಸಿ. ಈದ ಮೊದಲ ತಿಂಗಳ ಡೇರಿ ಚೀಟಿಗಳನ್ನು ಎಸೆಯಬೇಡಿ, ಕೊಟ್ಟಿಗೆಯ ಗೋಡೆಯ ಮೊಳೆಗೆ ಸಿಕ್ಕಿಸಿಡಿ.