ತೊಗರಿಯೂ ಚೆಂಡೂ

ಕಳೆದ ಮಾರ್ಗಶಿರ ಮಾಸದಲ್ಲಿ ನೆಂಟರ ಮನೆಯ ಮದುವೆಗೆಂದು ಗುರುಮಠಕಲ್ಲಿಗೆ ಹೋಗಬೇಕಾಯಿತು. ಯಾದಗಿರಿಯಲ್ಲಿ ರೈಲಿಳಿದು ಬಸ್ಸು ಹಿಡಿದರೆ ಒಂದು ತಾಸಿನ ಮೇಲಿನ ದಾರಿ. ಉದ್ದಕ್ಕೂ ತೊಗರಿ ಹೊಲಗಳು ಕೊಯ್ಲಿಗೆ ಬಂದು ನಿಂತಿದ್ದವು. ಊರು ತೆಲಂಗಾಣದ ಗಡಿಗೆ ಹತ್ತಿಕೊಂಡಿರುವುದರಿಂದ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಮದುವೆಮನೆಯ ಗದ್ದಲದಿಂದ ನುಣುಚಿಕೊಳ್ಳುವ ವಿದ್ಯೆಯನ್ನು ವಾಚಕ ಮಹಾಶಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಸಂಜೆಯ ಗಾಳಿಸೇವನೆಯ ನೆಪ ಹೇಳಿ ಹೊರಬಿದ್ದೆ.

ಊರ ಹೊರಗೆ ಒಂದು ಬಯಲು. ಮೈದಾನವೆಂದರೆ ಅದಕ್ಕೆ ಹೆಚ್ಚಿನ ಗೌರವ ಸಲ್ಲಿಸಿದಂತಾಗುತ್ತದೆ. ಕಲ್ಲುಗಳನ್ನು ಆಯ್ದು ಅಂಚಿಗೆ ಒಟ್ಟಿದ್ದರು. ಗೋಲಿನ ಕಂಬಗಳು ಒಂದು ಕಡೆ ಮಾತ್ರ ಇದ್ದವು. ಮತ್ತೊಂದು ಕಡೆಗೆ ಎರಡು ಸೈಕಲ್ಲುಗಳೇ ಕಂಬಗಳಾಗಿದ್ದವು. ಕಾಲೇಜಿನ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಬದಿಯಲ್ಲಿ ಪ್ಯಾಂಟಿನ ಅಂಚು ಮಡಿಸಿ ಸೀಟಿ ಊದುತ್ತಿದ್ದವರು ವ್ಯಾಯಾಮ ಶಿಕ್ಷಕರಲ್ಲ, ಇತಿಹಾಸದ ಉಪನ್ಯಾಸಕರು. ಮಾತಿಗೆ ಮಾತು ಬೆಳೆಯಿತು. ತಂಡದಲ್ಲಿ ಇರುವುದೇ ಹನ್ನೆರಡು ಮಂದಿ, ಅವರಲ್ಲಿ ಒಬ್ಬನ ಕಾಲು ಉಳುಕಿದೆ, ಮುಂದಿನ ವಾರ ರಾಯಚೂರಿನಲ್ಲಿ ಅಂತರ ಕಾಲೇಜು ಪಂದ್ಯ. ಹನ್ನೊಂದರಲ್ಲಿ ಒಬ್ಬ ತಪ್ಪಿದರೂ ತಂಡವಿಲ್ಲ.

ಆ ಒಬ್ಬನನ್ನು ತಪ್ಪಿಸಲೆಂದೇ ಬಂದವರಂತೆ ಗೋಲುಕಾಯುವ ಹುಡುಗನ ತಂದೆ ಅಲ್ಲಿಗೆ ಬಂದರು. ರುಮಾಲು ಸುತ್ತಿದ ರೈತರು.

"ಸರ್, ತೊಗರಿ ಕೊಯ್ಯಾಕ ಆಳು ಸಿಗವಲ್ಲರೀ. ಮಗ ಬಿ.ಎ. ಪಾಸಾಗ್ಲಿ ಅಂತ ಕಳಿಸೀನಿ, ಚೆಂಡು ಹಿಡೀಲಿ ಅಂತ ಅಲ್ಲ. ಇದರಿಂದ ನೌಕ್ರಿ ಬರ್ತದೇನ್ರೀ?"

ಉಪನ್ಯಾಸಕರು ನನ್ನ ಮುಖ ನೋಡಿದರು. ಪತ್ರಿಕೆಗೆ ಬರೆಯುವವನು ಎಂದು ತಾನೇ ಜಂಬದಿಂದ ಹೇಳಿಕೊಂಡವನಿಗೆ ಆ ಗಳಿಗೆಯಲ್ಲಿ ಒಂದು ಉತ್ತರವೂ ಹೊಳೆಯಲಿಲ್ಲ. ಹುಡುಗ ಮಾತ್ರ ತಲೆ ತಗ್ಗಿಸಿ ಅಂಗೈಗೆ ಅಂಟಿದ ಮಣ್ಣನ್ನು ಉಜ್ಜುತ್ತ ನಿಂತಿದ್ದ.

ಉತ್ತರ ಹೊಳೆದದ್ದು ರಾತ್ರಿ, ಜಮಖಾನೆಯ ಮೇಲೆ ನಿದ್ರೆ ಬಾರದೆ ಹೊರಳುತ್ತಿದ್ದಾಗ. ಈ ಊರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತಲ್ಲವೆ? ಈ ಸೀಮೆಯ ತರುಣರಿಗೆ ಆಗ ಉಚ್ಚ ವಿದ್ಯಾಭ್ಯಾಸವೆಂದರೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಆ ವಿಶ್ವವಿದ್ಯಾಲಯದ ಪರವಾಗಿ ಚೆಂಡೊದ್ದ ವಿದ್ಯಾರ್ಥಿಯೊಬ್ಬನಿದ್ದ: ಸಯ್ಯದ್ ಅಬ್ದುಲ್ ರಹೀಂ. ಹುಟ್ಟಿದ್ದು 1909ರಲ್ಲಿ. ಬಿ.ಎ. ಮುಗಿಸಿ ಹಿಡಿದದ್ದು ಶಾಲಾಮಾಸ್ತರಿಕೆ. ಮುಂದೆ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. ಅವರ ತರಬೇತಿಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಎಡೆಬಿಡದೆ ಐದು ವರ್ಷ ಗೆದ್ದಿತು.

ರಹೀಂ ಸಾಹೇಬರ ಕಲಿಸುವ ರೀತಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಲೇಬೇಕು. ಬಲಗಾಲಿನ ಹುಡುಗರು ಎಡಗಾಲಿನಿಂದಲೇ ಒದೆಯಬೇಕು, ಎಡಗಾಲಿನವರು ಬಲಗಾಲಿನಿಂದ. ಇಂಥ ನಿಬಂಧನೆಯ ಪಂದ್ಯಾವಳಿಗಳನ್ನೇ ಅವರು ಏರ್ಪಡಿಸುತ್ತಿದ್ದರು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಎದುರಾಳಿಗಳ ನಡುವೆ ನುಸುಳಿ ಮೆರೆಯುವುದು ನಿಷಿದ್ಧವೆಂಬ ಪಂದ್ಯಾವಳಿಗಳೂ ಇದ್ದವು. ಬಂದ ಚೆಂಡನ್ನು ತಡಮಾಡದೆ ಜೊತೆಗಾರನಿಗೆ ದಾಟಿಸಬೇಕು. ಇವುಗಳಲ್ಲಿ ಯಾವುದಕ್ಕೆ ಹಣ ಬೇಕು? ಹುಲ್ಲುಹಾಸು ಬೇಕೆ, ದೀಪಸ್ತಂಭ ಬೇಕೆ? ಬೇಕಾದದ್ದು ಒಂದು ಚೆಂಡು, ಹೇಳಿದ್ದನ್ನು ಕೇಳುವ ಹುಡುಗರು, ದಿನ ತಪ್ಪದೆ ಬರುವ ಒಬ್ಬ ಮಾಸ್ತರು. ನಮ್ಮ ನಗರಗಳಲ್ಲಿ ಮೊದಲು ಕಟ್ಟಡ ಕಟ್ಟಿ ಆಮೇಲೆ ಮಾಸ್ತರನ್ನು ಹುಡುಕುವ ಪದ್ಧತಿ ಬೆಳೆದಿರುವುದು ನನಗಂತೂ ವಿಚಿತ್ರವಾಗಿ ತೋರುತ್ತದೆ.

ಇದೇ ಮಾಸ್ತರು ಭಾರತ ತಂಡವನ್ನು ಮೆಲ್ಬೋರ್ನ್ ಒಲಿಂಪಿಕ್ಸಿಗೆ ಕರೆದೊಯ್ದರು. ಗುರುಮಠಕಲ್ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಹೈದರಾಬಾದಿನ ಹಲವರು ಆ ತಂಡದಲ್ಲಿದ್ದರು, ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ನಾಲ್ಕನೆಯ ಸ್ಥಾನ ದೊರೆಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಮಣಿಸಿ ಚಿನ್ನ ತಂದಾಗ ರಹೀಂ ಅವರ ದೇಹವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಮರುವರ್ಷದ ಜೂನ್ ತಿಂಗಳಲ್ಲಿ ತೀರಿಕೊಂಡರು. 2024ರಲ್ಲಿ ಅವರ ಕಥೆ ಹಿಂದಿ ಚಲನಚಿತ್ರವಾಗಿ ಬಂದದ್ದನ್ನು ಹಲವು ಮನೆಗಳಲ್ಲಿ ನೋಡಿರಬಹುದು.

ಆದರೆ ತೊಗರಿ ಹೊಲದ ಯಜಮಾನರಿಗೆ ಚಿನ್ನದ ಪದಕದ ಮಾತು ಹಿಡಿಸುವಂತಿರಲಿಲ್ಲ. ಅವರು ಕೇಳಿದ್ದು ಓದಿನ ಗತಿಯೇನು ಎಂದು. ಅದಕ್ಕೆ ತಕ್ಕ ಉತ್ತರ ನಾಗಾ ಬೆಟ್ಟಗಳ ಟಿ. ಆವ್. ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತ ಚೆಂಡಾಡಿದ ಈತ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ನಾಯಕ. ಆ ಪಂದ್ಯದಲ್ಲಿ ಫ್ರಾನ್ಸಿಗೆ 2-1ರಿಂದ ಸೋತೆವು. ನಮ್ಮ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆವ್ ಹಿಂತಿರುಗಿ 1950ರಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದರು, ತಮ್ಮ ನಾಡಿನಲ್ಲಿಯೇ ಸರಕಾರಿ ವೈದ್ಯರಾಗಿ ದುಡಿದು ನಾಗಾಲ್ಯಾಂಡಿನ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ ನಿವೃತ್ತರಾದರು.

ಚಿಕ್ಕ ಕಾಲೇಜಿನ ಮಾತೆತ್ತಿದರೆ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಮೆಸಾಯಾ ಎಂಬ ಧಾರ್ಮಿಕ ವಿದ್ಯಾಸಂಸ್ಥೆಯೊಂದಿದೆ. ಪದವಿ ವಿದ್ಯಾರ್ಥಿಗಳ ಸಂಖ್ಯೆ ಮೂರು ಸಾವಿರದೊಳಗೆ. ಅದು ಆಡುವ ಮೂರನೆಯ ವಿಭಾಗದಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ಹೀಗಿದ್ದೂ 2000ದಿಂದ 2017ರೊಳಗೆ ಅದರ ಪುರುಷರ ತಂಡ ಆ ವಿಭಾಗದ ರಾಷ್ಟ್ರೀಯ ಪ್ರಶಸ್ತಿಯನ್ನು ಹನ್ನೊಂದು ಸಲ ಗೆದ್ದಿತು. ಅಲ್ಲಿ ಹಚ್ಚನೆಯ ಹುಲ್ಲುಂಟು, ಸೈಕಲ್ಲಿನ ಕಂಬಗಳಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಹಣ ಪಡೆಯದೆ, ಪಾಠ ಬಿಡದೆ ಆಡುವ ಹುಡುಗರು ಅವರೂ ಹೌದು.

ಮರುದಿನ ಮದುವೆಯ ಪಂಕ್ತಿಯಲ್ಲಿ ಅದೇ ಯಜಮಾನರು ನನ್ನ ಪಕ್ಕದ ಎಲೆಗೇ ಬಂದು ಕುಳಿತರು. ಡಾಕ್ಟರ್ ಆವ್ ಅವರ ಕಥೆಯನ್ನು ಶೇಂಗಾ ಹೋಳಿಗೆ ಬರುವಷ್ಟರಲ್ಲಿ ಹೇಳಿ ಮುಗಿಸಿದೆ. ಅವರು ಬಹಳ ಹೊತ್ತು ಮಾತಾಡದೆ ಉಂಡರು. ಮಜ್ಜಿಗೆಯ ಹೊತ್ತಿಗೆ, "ಅವರಪ್ಪಗ ಹೊಲ ಇತ್ತೇನ್ರೀ?" ಎಂದು ಕೇಳಿದರು. ನಾನು ನಕ್ಕೆ, ಅವರು ನಗಲಿಲ್ಲ. ಆಗ ಅವರ ಪ್ರಶ್ನೆಯ ತೂಕ ನನಗೆ ತಿಳಿಯಿತು. ಕಾಯಿ ಒಣಗಿ ನಿಂತ ತೊಗರಿ ಒಲಿಂಪಿಕ್ಸಿಗಾಗಿ ಕಾಯುವುದಿಲ್ಲ. ಕೂಲಿಯೂ ಬಿತ್ತನೆಯ ಸಾಲವೂ ಅವರ ಲೆಕ್ಕದಲ್ಲಿದ್ದವು, ನನ್ನ ಲೆಕ್ಕದಲ್ಲಿರಲಿಲ್ಲ.

ಕೈ ತೊಳೆಯುವಲ್ಲಿ ಉಪನ್ಯಾಸಕರು ಎದುರಾದರು. ಯಜಮಾನರು ತಾವಾಗಿಯೇ ಮಾತೆತ್ತಿದರು: "ಸರ್, ಐತಾರ ನಿಮ್ಮ ಹುಡುಗರ್ನೆಲ್ಲ ನಮ್ಮ ಹೊಲಕ್ಕ ಕರ್ಕೊಂಡು ಬರ್ರಿ. ರೊಟ್ಟಿ, ಪಲ್ಯ ನಂದು. ತೊಗರಿ ಕಣಕ್ಕ ಬಂತಂದ್ರ ಮಗನ್ನ ರಾಯಚೂರಿಗೆ ಕರ್ಕೊಂಡು ಹೋಗ್ರಿ."

"ನಾನೂ ಕುಡುಗೋಲು ಹಿಡೀತೀನ್ರೀ ಯಜಮಾನರ," ಎಂದರು ಇತಿಹಾಸದ ಉಪನ್ಯಾಸಕರು.

ನಾನು ಆ ರಾತ್ರಿಯ ರೈಲಿಗೇ ಹಿಂದಿರುಗಿದೆ. ಹದಿನೈದು ದಿನಗಳ ಮೇಲೆ ಕಾಗದ ಬಂದಿತು. ಕಾಲು ಉಳುಕಿದವನೊಬ್ಬನನ್ನು ಬಿಟ್ಟು ಎಲ್ಲರೂ ಹೊಲಕ್ಕಿಳಿದರಂತೆ. ಅವನು ಬದುವಿನ ಮೇಲೆ ಕುಳಿತು ನೀರು ಕೊಟ್ಟನಂತೆ. ರಾಯಚೂರಿನಲ್ಲಿ ಮೊದಲ ಪಂದ್ಯ ಗೆದ್ದು ಎರಡನೆಯದರಲ್ಲಿ ಒಂದು ಗೋಲಿನಿಂದ ಸೋತರು. ಗೋಲುಕಾಯುವ ಹುಡುಗನ ಅಂಗೈಯ ಬೊಬ್ಬೆಗಳು ಇನ್ನೂ ಮಾಯ್ದಿಲ್ಲ. ಚೆಂಡಿನ ಹೊಲಿಗೆ ಬಿಟ್ಟಿದೆಯೆಂದೂ ಹೊಸದೊಂದಕ್ಕೆ ವಂತಿಗೆ ಎತ್ತುತ್ತಿರುವರೆಂದೂ ಕೊನೆಯ ಸಾಲಿನಲ್ಲಿ ಸಂಕೋಚದಿಂದ ಬರೆದಿದ್ದಾರೆ.